ಬೆಂಕಿ ರೇಖೆಯೋ, ಚಾರಣದ ಹಾದಿಯೋ: ಅಮೆರಿಕದಲ್ಲಿ ಸಂಬಳ ಸಿಗುವ ಕಾಡಿನ ಕೆಲಸಗಳ ಹೋಲಿಕೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬೆಳೆದ ಹದಿನೆಂಟರಿಂದ ಇಪ್ಪತ್ತೈದರ ಮಕ್ಕಳು, ಬೇಸಿಗೆಯಲ್ಲಿ ಕಚೇರಿಯ ಇಂಟರ್ನ್‌ಶಿಪ್ ಬದಲು ಕಾಳ್ಗಿಚ್ಚು ಆರಿಸುವ ಕ್ರೂ ಸೇರುತ್ತೇನೆ ಎಂದೋ, ರಾಷ್ಟ್ರೀಯ ಉದ್ಯಾನದಲ್ಲಿ ಚಾರಣದ ಹಾದಿ ಕಟ್ಟಲು ಹೋಗುತ್ತೇನೆ ಎಂದೋ ಹೇಳಿದಾಗ, ಮನೆಯವರಿಗೆ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲ. ಮಕ್ಕಳಿಗೂ ಎದುರಿಗಿರುವ ನಾಲ್ಕೈದು ದಾರಿಗಳಲ್ಲಿ ಯಾವುದು ತಮಗೆ ಒಗ್ಗುವುದು ಎಂಬ ಸ್ಪಷ್ಟತೆ ಇರುವುದಿಲ್ಲ. ಎಲ್ಲವನ್ನೂ ಒಂದೇ ಮಾತಿನಲ್ಲಿ ಇಂಟರ್ನ್‌ಶಿಪ್ ಎಂದು ಕರೆಯುತ್ತಾರೆ; ಆದರೆ ಸಂಬಳ, ಅಪಾಯ, ಅರ್ಹತೆ, ಮುಂದಿನ ಅವಕಾಶ ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರವಿದೆ. ಈ ಬರಹ ಆ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉದ್ದೇಶಿಸಿದ್ದು.

ಅಳತೆಗೋಲುಗಳನ್ನು ಮೊದಲು ಹೇಳುತ್ತೇನೆ. ನಿಮಗೆ ಕಾನೂನಿನ ಪ್ರಕಾರ ಆ ಕೆಲಸ ದೊರೆಯುತ್ತದೆಯೇ ಎಂಬುದು ಮೊದಲನೆಯದು. ಹಂಗಾಮು ಮುಗಿದಾಗ ಊಟ, ವಸತಿ, ಪ್ರಯಾಣ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಎರಡನೆಯದು. ಆಮೇಲೆ ಆ ಅನುಭವ ಯಾವ ಬಾಗಿಲು ತೆರೆಯುತ್ತದೆ, ದೇಹ ಎಷ್ಟನ್ನು ತಡೆದುಕೊಳ್ಳಬೇಕು, ಕೆಲಸದ ತಿಂಗಳುಗಳು ಕಾಲೇಜಿನ ಕ್ಯಾಲೆಂಡರಿಗೆ ಹೊಂದುತ್ತವೆಯೇ ಎಂಬುವು. 2025ರ ನಂತರ ಇನ್ನೊಂದನ್ನೂ ಸೇರಿಸಬೇಕಾಗಿದೆ: ಆ ಹುದ್ದೆಗೆ ಹಣ ಯಾರ ಬೊಕ್ಕಸದಿಂದ ಬರುತ್ತದೆ, ಹಂಗಾಮಿನ ನಡುವೆ ಅದು ನಿಂತುಹೋಗುವ ಸಂಭವ ಎಷ್ಟು. ಸಾಹಸದ ಆಕರ್ಷಣೆಯನ್ನು ನಾನು ಅಳತೆಗೋಲಾಗಿ ಇಟ್ಟಿಲ್ಲ, ಏಕೆಂದರೆ ಅದು ಎಲ್ಲ ದಾರಿಗಳಲ್ಲೂ ಇದೆ ಮತ್ತು ಎಲ್ಲದರಲ್ಲೂ ಮೂರನೆಯ ವಾರಕ್ಕೆ ಬೆವರಾಗಿ ಇಳಿದುಹೋಗುತ್ತದೆ.

ವೀಸಾ ಮತ್ತು ಪೌರತ್ವದ ಪ್ರಶ್ನೆ

ನಮ್ಮ ಕುಟುಂಬಗಳಲ್ಲಿ ಇದನ್ನೇ ಕೊನೆಗೆ ಕೇಳುತ್ತಾರೆ, ಆದ್ದರಿಂದಲೇ ಬಹಳ ನಿರಾಶೆಯಾಗುತ್ತದೆ. ಅರಣ್ಯ ಸೇವೆ, ರಾಷ್ಟ್ರೀಯ ಉದ್ಯಾನ ಸೇವೆ, ಭೂ ನಿರ್ವಹಣಾ ಬ್ಯೂರೋ ಮುಂತಾದ ಫೆಡರಲ್ ಸಂಸ್ಥೆಗಳ ಅಗ್ನಿಶಾಮಕ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಸಾಲದು. ಅಮೆರಿಕಾರ್ಪ್ಸ್ ಎಂಬ ಫೆಡರಲ್ ಸೇವಾ ಕಾರ್ಯಕ್ರಮದ ಮೂಲಕ ನಡೆಯುವ ಕನ್ಸರ್ವೇಶನ್ ಕೋರ್‌ಗಳಿಗೆ, ಅಂದರೆ ಯುವಜನರ ಕಾಡು ಸಂರಕ್ಷಣಾ ತಂಡಗಳಿಗೆ, ಪೌರತ್ವ ಅಥವಾ ಗ್ರೀನ್ ಕಾರ್ಡ್ ಎರಡರಲ್ಲಿ ಒಂದಿದ್ದರೆ ಸಾಕು. ಓರೆಗಾನ್ ಮೊದಲಾದ ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರದೊಂದಿಗೆ ಗುತ್ತಿಗೆ ಮಾಡಿಕೊಂಡ ಖಾಸಗಿ ಅಗ್ನಿಶಾಮಕ ಕ್ರೂಗಳಿವೆ. ಕೆಲಸ ಮಾಡುವ ಕಾನೂನುಬದ್ಧ ಅನುಮತಿ ಇರುವವರು ಅಲ್ಲಿ ವಿಚಾರಿಸಬಹುದು.

ತಂದೆ ಅಥವಾ ತಾಯಿಯ ಎಚ್-1ಬಿ ವೀಸಾದ ಆಧಾರದ ಮೇಲೆ ಎಚ್-4ನಲ್ಲಿ ಇರುವ ಮಕ್ಕಳಿಗೆ ಸಂಬಳದ ಕೆಲಸಕ್ಕೆ ಅನುಮತಿಯೇ ಇಲ್ಲ, ಇಪ್ಪತ್ತೊಂದು ತುಂಬಿದ ದಿನ ಆ ವೀಸಾದ ಆಸರೆಯೂ ಹೋಗುತ್ತದೆ. ಇಲ್ಲಿಯೇ ಹುಟ್ಟಿದ ತಮ್ಮನಿಗೆ ತೆರೆದಿರುವ ಬಾಗಿಲು ಬೆಂಗಳೂರಿನಲ್ಲಿ ಹುಟ್ಟಿ ಮೂರನೆಯ ವಯಸ್ಸಿನಲ್ಲಿ ಬಂದ ಅಕ್ಕನಿಗೆ ಮುಚ್ಚಿರುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದರ ನೋವು ಸಣ್ಣದಲ್ಲ. ಕರ್ನಾಟಕದಿಂದ ಎಫ್-1 ವೀಸಾದಲ್ಲಿ ಓದಲು ಬಂದವರಿಗೆ ಮಾತ್ರ ಒಂದು ಒಳ್ಳೆಯ ದಾರಿಯಿದೆ, ಅದನ್ನು ಮುಂದೆ ಹೇಳುತ್ತೇನೆ.

ಫೆಡರಲ್ ಅಗ್ನಿಶಾಮಕ ಕ್ರೂ

ಹದಿನೆಂಟು ತುಂಬಿದ ಪೌರರು ಬೆಂಕಿಯ ಕೆಲಸದ ಪೂರ್ವಾನುಭವವಿಲ್ಲದೆ ಅರ್ಜಿ ಹಾಕಬಹುದಾದ ಕೆಳಹಂತದ ಹುದ್ದೆ ಸಾಮಾನ್ಯವಾಗಿ ಜಿಎಸ್ ಎಂಬ ಫೆಡರಲ್ ವೇತನ ಶ್ರೇಣಿಯ ಮೂರನೆಯ, ಅಂದರೆ ಜಿಎಸ್-3 ದರ್ಜೆಯದು. ಸಂಬಳ ಮೊದಲು ತೀರ ಕಡಿಮೆಯಿತ್ತು. 2021ರ ಮೂಲಸೌಕರ್ಯ ಕಾಯ್ದೆ ತಾತ್ಕಾಲಿಕ ಹೆಚ್ಚಳ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಅದು ಶಾಶ್ವತವಾಯಿತು. ಈಗ ಜಿಎಸ್-3 ದರ್ಜೆಯ ಅಗ್ನಿಶಾಮಕರ ಮೂಲ ವೇತನ ಅದೇ ದರ್ಜೆಯ ಇತರ ನೌಕರರ ಮೂಲ ವೇತನಕ್ಕಿಂತ ಶೇಕಡಾ 36ರಷ್ಟು ಹೆಚ್ಚು. ತಮ್ಮ ಠಾಣೆಯ ವ್ಯಾಪ್ತಿಯಾಚೆ ದೀರ್ಘ ಬೆಂಕಿಗೆ ಹೋದ ದಿನಗಳಿಗೆ ಪ್ರತ್ಯೇಕ ಪ್ರೀಮಿಯಂ ಉಂಟು, ಅದಕ್ಕೆ ವರ್ಷಕ್ಕೆ 9,000 ಡಾಲರ್ ಮಿತಿ.

ಆದರೂ ಹಣದ ನಿಜವಾದ ಮೂಲ ಓವರ್‌ಟೈಮ್. ಹತೋಟಿಗೆ ಬಾರದ ಬೆಂಕಿಯ ಮೇಲೆ ಹದಿನಾರು ಗಂಟೆ ದುಡಿದ ದಿನವನ್ನು ಲೆಕ್ಕ ಹಾಕಿ ನೋಡಿ: ಮೊದಲ ಎಂಟು ಗಂಟೆಗೆ ಮೂಲ ಕೂಲಿ, ಉಳಿದ ಎಂಟಕ್ಕೆ ಒಂದೂವರೆ ಪಟ್ಟು, ಮೇಲೆ ಶೇಕಡಾ 25ರ ಅಪಾಯ ಭತ್ಯೆ ಸೇರಿದರೆ ಸುಮಾರು ಇಪ್ಪತ್ನಾಲ್ಕು ಗಂಟೆಯ ಮೂಲ ಕೂಲಿಗೆ ಸಮನಾಗುತ್ತದೆ. ಇಂತಹ ದಿನಗಳು ಒಂದು ನಿಯೋಜನೆಯಲ್ಲಿ ಪ್ರಯಾಣ ಬಿಟ್ಟು ಹದಿನಾಲ್ಕರವರೆಗೆ ಬರಬಹುದು. ಮಳೆ ಚೆನ್ನಾಗಿ ಬಿದ್ದ ವರ್ಷ ಇದೇ ಕ್ರೂ ಜುಲೈ ತಿಂಗಳಿಡೀ ಠಾಣೆಯಲ್ಲಿ ಗರಗಸ ಹರಿತ ಮಾಡುತ್ತ, ವಾರಕ್ಕೆ ನಲವತ್ತು ಗಂಟೆಯ ಸಂಬಳ ಪಡೆಯುತ್ತದೆ. ಆದ್ದರಿಂದ ಮುಂದಿನ ಸೆಮಿಸ್ಟರಿನ ಫೀಸನ್ನು ಓವರ್‌ಟೈಮ್ ನಂಬಿ ಲೆಕ್ಕ ಹಾಕಬೇಡಿ; ಮೂಲ ಸಂಬಳದಲ್ಲಿ ಹಂಗಾಮು ದಾಟುತ್ತದೆಯೇ ಎಂದು ನೋಡಿ, ಉಳಿದದ್ದು ಬಂದರೆ ಬರಲಿ. ಠಾಣೆಯ ವಸತಿಗೃಹದ ಬಾಡಿಗೆ ಸಂಬಳದಿಂದ ಕಡಿತವಾಗುತ್ತದೆ. ಬೆಂಕಿ ತಡೆಯುವ ಬಟ್ಟೆ, ಶಿರಸ್ತ್ರಾಣ, ಬೆಂಕಿಯಲ್ಲಿ ಸಿಕ್ಕಿಕೊಂಡಾಗ ಕೊನೆಯ ಆಸರೆಯಾಗಿ ಹೊದ್ದು ಮಲಗುವ ಫೈರ್ ಶೆಲ್ಟರ್ ಎಲ್ಲವನ್ನೂ ಸಂಸ್ಥೆ ಕೊಡುತ್ತದೆ. ಕನಿಷ್ಠ ಎಂಟು ಇಂಚು ಎತ್ತರದ ಚರ್ಮದ ಬೂಟನ್ನು ಸಾಮಾನ್ಯವಾಗಿ ನೀವೇ ಕೊಳ್ಳಬೇಕು. ಅದಕ್ಕೆ ಕೆಲವು ನೂರು ಡಾಲರ್ ಆಗುತ್ತದೆ, ಮತ್ತು ಮೊದಲ ಸಂಬಳಕ್ಕೂ ಮುಂಚೆ ಅದನ್ನು ಹಾಕಿ ಪಳಗಿಸಿರಬೇಕು.

ಎಂತಹ ಕ್ರೂ ಎಂಬುದೂ ಮುಖ್ಯ. ಎಂಜಿನ್ ಕ್ರೂ ಎಂದರೆ ಮೂರರಿಂದ ಐದಾರು ಜನ, ನೀರಿನ ಲಾರಿ, ಹೆಚ್ಚಾಗಿ ಪರಿಚಿತ ಪ್ರದೇಶ. ಹ್ಯಾಂಡ್ ಕ್ರೂ ಎಂದರೆ ಸುಮಾರು ಇಪ್ಪತ್ತು ಜನ ಸಾಲಾಗಿ ನಡೆದು, ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ ಇರುವ ಪುಲಾಸ್ಕಿಯಲ್ಲಿ ಬೇರು ಕಡಿದು, ನೆಲವನ್ನು ಮಣ್ಣಿನವರೆಗೆ ಕೆರೆದು ಬೆಂಕಿಗೆ ತಿನ್ನಲು ಏನೂ ಉಳಿಸದ ಪಟ್ಟಿ ಮಾಡುವುದು. ಬಂಡೀಪುರ, ನಾಗರಹೊಳೆಗಳಲ್ಲಿ ಬೇಸಿಗೆಗೆ ಮುಂಚೆ ನಮ್ಮ ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರರು ಮಾಡುವ ಬೆಂಕಿ ರೇಖೆಯೂ ಇದೇ ತತ್ತ್ವದ್ದು. ಅವರಿಗೆ ಸಿಗುವ ಕೂಲಿ, ಸಲಕರಣೆಗಳನ್ನು ಇಲ್ಲಿಯವುಗಳ ಪಕ್ಕ ಇಟ್ಟು ನೋಡಿದಾಗ ಮನಸ್ಸಿಗೆ ಬೇಸರವಾಗುತ್ತದೆ. ಮೊದಲ ವರ್ಷಕ್ಕೆ ನಾನು ಎಂಜಿನ್ ಕ್ರೂ ಎನ್ನುತ್ತೇನೆ. ಚಿಕ್ಕ ಗುಂಪಿನಲ್ಲಿ ಹಿರಿಯರೊಬ್ಬರ ಕಣ್ಣು ಹೊಸಬರ ಮೇಲೆ ಸದಾ ಇರುತ್ತದೆ.

ಅಪಾಯದ ವಿಷಯವನ್ನು ಮುಚ್ಚಿಡಲಾಗದು. 1994ರ ಜುಲೈ 6ರಂದು ಕೊಲರಾಡೋದ ಸೌತ್ ಕ್ಯಾನ್ಯನ್ ಬೆಂಕಿಯಲ್ಲಿ 14 ಮಂದಿ, 2013ರ ಜೂನ್ 30ರಂದು ಆರಿಜೋನಾದ ಯಾರ್ನೆಲ್ ಹಿಲ್ ಬೆಂಕಿಯಲ್ಲಿ 19 ಮಂದಿ ಅಗ್ನಿಶಾಮಕರು ಒಟ್ಟಿಗೆ ತೀರಿಕೊಂಡರು. ಕಾವಲು, ಸಂಪರ್ಕ, ಪಾರಾಗುವ ದಾರಿ, ಸುರಕ್ಷಿತ ತಾಣ ಎಂಬ ನಾಲ್ಕನ್ನು ಪ್ರತಿ ಹೊಸಬರಿಗೂ ಕಲಿಸುವುದು ಇಂತಹ ಸಾವುಗಳ ಪಾಠದಿಂದಲೇ. ಆದರೆ ಉರಿಯೊಂದೇ ಶತ್ರುವಲ್ಲ: ಒಣಮರ ಮುರಿದು ಬೀಳುವುದು, ದಣಿದವರು ವಾಹನ ಓಡಿಸುವುದು, ಹೃದಯಾಘಾತ ಇವೂ ಪ್ರಾಣ ತೆಗೆಯುತ್ತವೆ. ಹೊಗೆಯ ಮಾತಂತೂ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿತು. ಆಸ್ತಮಾ ಇರುವವರು ಈ ದಾರಿಯ ವೈದ್ಯಕೀಯ ಪರೀಕ್ಷೆಗೆ ಹೋಗುವ ಮೊದಲೇ ತಮ್ಮ ವೈದ್ಯರೊಂದಿಗೆ ಮನಬಿಚ್ಚಿ ಮಾತಾಡಬೇಕು.

ಕನ್ಸರ್ವೇಶನ್ ಕೋರ್‌ಗಳು

1933ರಿಂದ 1942ರವರೆಗೆ ಆರ್ಥಿಕ ಕುಸಿತದ ಕಾಲದಲ್ಲಿ ಸುಮಾರು ಮೂವತ್ತು ಲಕ್ಷ ಯುವಕರಿಗೆ ಕಾಡಿನಲ್ಲಿ ಕೆಲಸ ಕೊಟ್ಟ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಮಾದರಿಯಲ್ಲಿ ಇಂದಿನ ಕೋರ್‌ಗಳು ಬೆಳೆದಿವೆ. 1957ರಲ್ಲಿ ಆರಂಭವಾದ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್ ಇವುಗಳಲ್ಲಿ ಹಳೆಯದು. ಕಾಲೇಜು ವಿದ್ಯಾರ್ಥಿನಿಯಾಗಿದ್ದ ಎಲಿಜಬೆತ್ ಕುಶ್‌ಮನ್ ಬರೆದ ಪ್ರೌಢಪ್ರಬಂಧವೊಂದು ಅದಕ್ಕೆ ಬೀಜ. ಮೊಂಟಾನಾ, ಆರಿಜೋನಾ ಮತ್ತಿತರ ಕಡೆಗಳಲ್ಲಿ ಪ್ರಾದೇಶಿಕ ಕೋರ್‌ಗಳಿವೆ.

ಇಲ್ಲಿ ಸಿಗುವುದು ಸಂಬಳಕ್ಕಿಂತ ಜೀವನ ಭತ್ಯೆ. ಅದಕ್ಕೆ ಓವರ್‌ಟೈಮ್ ಇಲ್ಲ. ಅದರ ಬದಲು ಸೇವಾವಧಿ ಮುಗಿದ ಮೇಲೆ ಶಿಕ್ಷಣ ಪುರಸ್ಕಾರ ದೊರೆಯುತ್ತದೆ: 2025ರ ದರದಂತೆ 1,700 ಗಂಟೆಯ ಪೂರ್ಣ ಸೇವೆಗೆ 7,395 ಡಾಲರ್, 900 ಗಂಟೆಗೆ ಅದರ ಅರ್ಧ. ಕಾಲೇಜಿನ ಫೀಸಿಗೋ ಶಿಕ್ಷಣ ಸಾಲಕ್ಕೋ ಏಳು ವರ್ಷದೊಳಗೆ ಅದನ್ನು ಬಳಸಬಹುದು, ಆದರೆ ಬಳಸಿದ ವರ್ಷ ಅದು ತೆರಿಗೆಗೆ ಒಳಪಡುವ ಆದಾಯ. ಇದನ್ನು ಮರೆತು ಏಪ್ರಿಲ್‌ನಲ್ಲಿ ಕಂಗಾಲಾದವರಿದ್ದಾರೆ. ಆರೋಗ್ಯ ವಿಮೆಯ ಚಿಂತೆ ಇಪ್ಪತ್ತಾರರವರೆಗೆ ಕಡಿಮೆ, ತಂದೆತಾಯಿಯ ವಿಮೆಯಲ್ಲೇ ಉಳಿಯಬಹುದು. ಆ ವಿಮೆ ಬೇರೆ ರಾಜ್ಯದ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮಾತ್ರ ವಿಚಾರಿಸಿ.

ಕೋರ್‌ಗಳ ದೊಡ್ಡ ಬಲ ಇನ್ನೊಂದಿದೆ, ಅದನ್ನು ಬಹಳ ಜನ ಬಲ್ಲವರಲ್ಲ. ಹದಿನಾರರಿಂದ ಮೂವತ್ತು ವರ್ಷದೊಳಗಿನವರು ಪಬ್ಲಿಕ್ ಲ್ಯಾಂಡ್ಸ್ ಕೋರ್ ನಿಯಮದಡಿ ಅರ್ಹವಾದ ಯೋಜನೆಗಳಲ್ಲಿ 640 ಗಂಟೆ ಪೂರೈಸಿದರೆ, ಮುಂದಿನ ಎರಡು ವರ್ಷ ಫೆಡರಲ್ ಭೂ ಸಂಸ್ಥೆಗಳ ಹುದ್ದೆಗಳಿಗೆ ಸಾರ್ವಜನಿಕ ಸ್ಪರ್ಧೆಯ ಸಾಲಿನಲ್ಲಿ ನಿಲ್ಲದೆ ನೇಮಕಗೊಳ್ಳುವ ಅವಕಾಶ ಪಡೆಯುತ್ತಾರೆ. ಕಾಡಿನಲ್ಲೇ ವೃತ್ತಿ ಕಟ್ಟಿಕೊಳ್ಳಬೇಕೆನ್ನುವವರಿಗೆ ಶಿಕ್ಷಣ ಪುರಸ್ಕಾರಕ್ಕಿಂತ ಇದು ಬೆಲೆಯುಳ್ಳದ್ದು ಎಂಬುದು ನನ್ನ ಅಭಿಪ್ರಾಯ. ನೀವು ಸೇರುವ ಯೋಜನೆಯ ಗಂಟೆಗಳು ಈ ಲೆಕ್ಕಕ್ಕೆ ಬರುತ್ತವೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ.

ಎಚ್ಚರವಿರಬೇಕಾದದ್ದು ಹೆಸರಿನ ವಿಷಯದಲ್ಲಿ. ಕೋರ್‌ನ ಫೈರ್ ಕ್ರೂ ಎಂದರೆ ಹೆಚ್ಚಿನ ದಿನ ಚೈನ್‌ಸಾ ಹಿಡಿದು ಪೊದೆ ಕಡಿಯುವುದು, ಕಡಿದದ್ದನ್ನು ರಾಶಿ ಹಾಕುವುದು, ಯೋಜಿತವಾಗಿ ಸುಡುವಾಗ ನೆರವಾಗುವುದು. ಇದು ಒಳ್ಳೆಯ ಕಲಿಕೆಯೇ, ಗರಗಸದ ತರಬೇತಿ ಮುಂದೆ ಎಲ್ಲೆಡೆ ಬೇಕಾಗುತ್ತದೆ. ಆದರೆ ಹಂಗಾಮಿಡೀ ಉರಿಯುವ ಬೆಂಕಿಯನ್ನೇ ನೋಡದೆ ಬಂದವರೂ ಇರಬಹುದು. ಕಳೆದ ವರ್ಷ ಈ ಕ್ರೂ ಎಷ್ಟು ದಿನ ಬೆಂಕಿಯ ಮೇಲಿತ್ತು, ಕೊನೆಯಲ್ಲಿ ರೆಡ್ ಕಾರ್ಡ್ ಎಂಬ ಅರ್ಹತಾಪತ್ರ ಸಿಗುತ್ತದೆಯೇ ಎಂದು ಕೇಳಿ. ವಸತಿಯನ್ನೂ ಕೇಳಿ. ನನ್ನ ತಂಗಿಯ ಮಗ ಒಂದು ಕೋರ್ ಸೇರಿದ್ದ. ಎಂಟು ದಿನ ಕಾಡಿನಲ್ಲಿ ಕೆಲಸ, ಆರು ದಿನ ಬಿಡುವು. ಕೆಲಸದ ದಿನಗಳಲ್ಲಿ ಡೇರೆ, ಊಟ ಎರಡೂ ಇದ್ದವು. ಬಿಡುವಿನ ಆರು ದಿನಕ್ಕೆ ವಸತಿ ಇಲ್ಲವೆಂಬುದು ಅವನಿಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಎರಡು ತಿಂಗಳು ಬಿಡುವಿನ ದಿನಗಳನ್ನೆಲ್ಲ ಕಾರಿನಲ್ಲೇ ಮಲಗಿ ಕಳೆದ. ಅವನ ತಾಯಿಗೆ ಇದು ಗೊತ್ತಾದದ್ದು ದೀಪಾವಳಿಗೆ ಮನೆಗೆ ಬಂದಾಗ.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ರಾಜ್ಯದ್ದೇ ಆದ ಕ್ಯಾಲಿಫೋರ್ನಿಯಾ ಕನ್ಸರ್ವೇಶನ್ ಕೋರ್ ಇದೆ, 1976ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸ್ಥಾಪಿಸಿದ್ದು. ಕಠಿಣ ಕೆಲಸ, ಕಡಿಮೆ ಕೂಲಿ, ದುಸ್ತರ ಪರಿಸ್ಥಿತಿ ಎಂದು ಅದರ ಧ್ಯೇಯವಾಕ್ಯವೇ ಸಾರುತ್ತದೆ. ಹದಿನೆಂಟರಿಂದ ಇಪ್ಪತ್ತೈದು ವರ್ಷದ ರಾಜ್ಯದ ನಿವಾಸಿಗಳಿಗೆ ಇದು ತೆರೆದಿದೆ. ವಸತಿ ಕೇಂದ್ರಗಳಲ್ಲಿ ಉಳಿಯುವವರಿಗೆ ಊಟ, ವಸತಿಯ ಖರ್ಚು ಸಂಬಳದಿಂದ ಕಳೆಯುತ್ತಾರೆ, ಆದರೂ ತಲೆಯ ಮೇಲೆ ಸೂರು ಖಚಿತ. ಅಗ್ನಿಶಾಮಕ ಕ್ರೂಗಳೂ, ತಿಂಗಳುಗಟ್ಟಲೆ ಯೊಸೆಮಿಟಿಯಂತಹ ಕಡೆ ಬೆಟ್ಟದಲ್ಲೇ ಉಳಿದು ಹಾದಿ ಕಟ್ಟುವ ತಂಡಗಳೂ ಒಂದೇ ಸಂಸ್ಥೆಯಲ್ಲಿರುವುದರಿಂದ, ಬೆಂಕಿಯೋ ಹಾದಿಯೋ ಎಂದು ಇನ್ನೂ ತೀರ್ಮಾನಿಸದವರಿಗೆ ಇದಕ್ಕಿಂತ ಉತ್ತಮ ಆರಂಭ ನನಗೆ ಕಾಣುತ್ತಿಲ್ಲ.

ಹೊರಾಂಗಣ ವಿಹಾರದ ಕೆಲಸಗಳು

ಚಾರಣದ ಹಾದಿ ದುರಸ್ತಿ, ಪ್ರವಾಸಿಗರಿಗೆ ಮಾಹಿತಿ, ಶಿಬಿರ ತಾಣಗಳ ನಿರ್ವಹಣೆ, ನದಿಯಲ್ಲಿ ರ‍್ಯಾಫ್ಟ್ ನಡೆಸುವುದು, ಬೇಸಿಗೆ ಶಿಬಿರದ ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಬೆಂಕಿಯ ಕೆಲಸಕ್ಕೆ ಹೋಲಿಸಿದರೆ ದೇಹಕ್ಕೆ ಅಪಾಯ ಕಡಿಮೆ, ತಿಂಗಳುಗಳು ಕಾಲೇಜಿನ ರಜೆಗೆ ಹೊಂದುತ್ತವೆ, ಜನರೊಂದಿಗೆ ವ್ಯವಹರಿಸುವ ಕೌಶಲ ಬೆಳೆಯುತ್ತದೆ. ಹಣ ಕಡಿಮೆ, ಮತ್ತು ಹುದ್ದೆಯ ಭದ್ರತೆ ಇನ್ನೂ ಕಡಿಮೆ. ಅರಣ್ಯ ಸೇವೆ 2024ರ ಸೆಪ್ಟೆಂಬರ್‌ನಲ್ಲಿ, ಮುಂದಿನ ವರ್ಷಕ್ಕೆ ಬೆಂಕಿಯ ಕೆಲಸದವರನ್ನು ಬಿಟ್ಟು ಬೇರೆ ಹಂಗಾಮಿ ನೌಕರರನ್ನು ತೆಗೆದುಕೊಳ್ಳುವುದಿಲ್ಲವೆಂದು ಪ್ರಕಟಿಸಿತು. ಹಾದಿ ಕಟ್ಟುವವರಿಗೆ ಅದು ದೊಡ್ಡ ಪೆಟ್ಟು. 2025ರ ಏಪ್ರಿಲ್‌ನಲ್ಲಿ ಅಮೆರಿಕಾರ್ಪ್ಸ್‌ನ ಬಹಳಷ್ಟು ಅನುದಾನಗಳು ರದ್ದಾದವು, ಅದರ ಎನ್‌ಸಿಸಿಸಿ ಶಾಖೆಯ ಯುವಜನರನ್ನು ಅವಧಿಗೆ ಮುಂಚೆಯೇ ಮನೆಗೆ ಕಳುಹಿಸಲಾಯಿತು. ಆದ್ದರಿಂದ ಕೋರ್ ಆಗಲಿ, ಉದ್ಯಾನದ ಇಂಟರ್ನ್‌ಶಿಪ್ ಆಗಲಿ, ನಡುವೆ ಹಣ ನಿಂತರೆ ಊರಿಗೆ ಮರಳುವ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೋಗಬೇಕು.

ಖಾಸಗಿ ಕೆಲಸಗಳಲ್ಲಿ ಸಂಬಳದ ಒಂದು ಸೂಕ್ಷ್ಮವಿದೆ. ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ತೆರೆದಿರದ ವಿಹಾರ ಸಂಸ್ಥೆಗಳಿಗೆ ಫೆಡರಲ್ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ನಿಯಮಗಳಿಂದ ವಿನಾಯಿತಿ ಉಂಟು. ಎಷ್ಟೋ ಬೇಸಿಗೆ ಶಿಬಿರಗಳು ಇಡೀ ಬೇಸಿಗೆಗೆ ಒಂದು ಗಂಟುಮೊತ್ತ ಕೊಡುವುದು ಇದರಿಂದಲೇ. ರ‍್ಯಾಫ್ಟ್ ನಡೆಸಲು ಕೊಲರಾಡೋದಲ್ಲಿ ಕನಿಷ್ಠ 50 ಗಂಟೆ ನದಿಯ ಮೇಲಿನ ತರಬೇತಿ ಕಡ್ಡಾಯ, ಅದಕ್ಕೆ ಹಲವು ಕಡೆ ಹೊಸಬರೇ ಹಣ ಕಟ್ಟಬೇಕು. ಎಲ್ಲಿಗೆ ಹೋದರೂ ಬೆಲೆ ತರುವ ಒಂದು ಹೂಡಿಕೆ ಎಂದರೆ ದುರ್ಗಮ ಪ್ರದೇಶದ ಪ್ರಥಮ ಚಿಕಿತ್ಸೆಯ ತರಬೇತಿ. ಹದಿನಾರು ಗಂಟೆಯ ಚಿಕ್ಕ ತರಬೇತಿ ಆರಂಭಕ್ಕೆ ಸಾಕು. ತಂಡ ಮುನ್ನಡೆಸುವ ಕೆಲಸ ಬೇಕೆಂದರೆ ಎಪ್ಪತ್ತು ಎಂಬತ್ತು ಗಂಟೆಯ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಮಾಡಿಕೊಳ್ಳಿ.

ಎಫ್-1 ವಿದ್ಯಾರ್ಥಿಗಳಿಗೆ ನಾನು ಹೇಳಬೇಕೆಂದಿದ್ದ ದಾರಿ ಇಲ್ಲಿದೆ. ಬಹಳಷ್ಟು ವಿಶ್ವವಿದ್ಯಾಲಯಗಳು ತಮ್ಮದೇ ಹೊರಾಂಗಣ ವಿಹಾರ ಕೇಂದ್ರ ನಡೆಸುತ್ತವೆ: ಡೇರೆ ಬಾಡಿಗೆಗೆ ಕೊಡುವುದು, ಬಂಡೆ ಹತ್ತುವ ಗೋಡೆ ನೋಡಿಕೊಳ್ಳುವುದು, ವಾರಾಂತ್ಯದ ಚಾರಣ ಮುನ್ನಡೆಸುವುದು ವಿದ್ಯಾರ್ಥಿಗಳದೇ ಕೆಲಸ. ವಿಶ್ವವಿದ್ಯಾಲಯವೇ ಸಂಬಳ ಕೊಡುವ ಕ್ಯಾಂಪಸ್ ಕೆಲಸವಾದ್ದರಿಂದ ತರಗತಿಗಳು ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ ಎಫ್-1ನವರೂ ಮಾಡಬಹುದು. ಚಾರಣ ಮುನ್ನಡೆಸಲು ಕ್ಯಾಂಪಸ್ಸಿನ ಹೊರಗೆ ಹೋಗುವುದು ಒಪ್ಪಿತವೇ ಎಂಬುದನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಪಶ್ಚಿಮಘಟ್ಟ ಹತ್ತಿ ಬೆಳೆದವರಿಗೆ ಈ ಕೆಲಸ ಬೇಗ ಒಗ್ಗುತ್ತದೆ.

ಯಾರಿಗೆ ಯಾವುದು

ಪೌರತ್ವವಿದ್ದು, ಒಂದೇ ಹಂಗಾಮಿನಲ್ಲಿ ಹೆಚ್ಚು ಹಣ ಗಳಿಸಬೇಕಾದ ಒತ್ತಡವಿದ್ದು, ಆಗಸ್ಟ್‌ನಲ್ಲಿ ಕಾಲೇಜಿಗೆ ಓಡಬೇಕಾಗಿಲ್ಲದವರು ಫೆಡರಲ್ ಎಂಜಿನ್ ಕ್ರೂ ನೋಡಲಿ. ಕ್ರೂಗಳಿಗೆ ಜನ ಅತ್ಯಗತ್ಯವಾಗುವುದೇ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ; ಆಗ ಬಿಟ್ಟುಹೋಗುವವರನ್ನು ಮರುವರ್ಷ ಕರೆಯಲು ಮುಖ್ಯಸ್ಥರು ಹಿಂಜರಿಯಬಹುದು. ಕಾಡಿನ ವೃತ್ತಿ ಬೇಕು ಆದರೆ ದೇಹ ಮನಸ್ಸು ಒಪ್ಪುತ್ತವೆಯೇ ತಿಳಿಯದು ಎನ್ನುವವರಿಗೆ, ಗ್ರೀನ್ ಕಾರ್ಡ್ ಮಾತ್ರ ಇರುವವರಿಗೆ, ಶಿಕ್ಷಣ ಸಾಲ ತೀರಿಸಬೇಕಾದವರಿಗೆ ಕೋರ್ ಒಳ್ಳೆಯದು, ಬಿಡುವಿನ ದಿನಗಳ ಖರ್ಚಿಗೆ ಮನೆಯಿಂದ ಸ್ವಲ್ಪ ಆಸರೆ ಇರುವುದಾದರೆ. ಆ ಆಸರೆಯೂ ಇಲ್ಲದವರು ವಸತಿ ಖಚಿತವಾಗಿರುವ ಕಡೆಯನ್ನೇ ಆರಿಸಿಕೊಳ್ಳಬೇಕು, ಭತ್ಯೆ ಸ್ವಲ್ಪ ಕಡಿಮೆಯಾದರೂ ಸರಿ. ಓದು ಬೇರೆ, ಕಾಡು ಪ್ರೀತಿಗೆ ಎನ್ನುವವರಿಗೆ ವಿಹಾರದ ಕೆಲಸವೇ ಸಾಕು. ಬೆಂಕಿಯ ಹೊಗೆ ಕುಡಿಯುವ ಅಗತ್ಯ ಅವರಿಗಿಲ್ಲ.

ಸಸ್ಯಾಹಾರಿಗಳು ಕೇಳುವ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಕೋರ್‌ಗಳಲ್ಲಿ ತಂಡವೇ ಅಡುಗೆ ಮಾಡಿಕೊಳ್ಳುವುದರಿಂದ ತೊಂದರೆಯಿಲ್ಲ. ದೊಡ್ಡ ಬೆಂಕಿಯ ಶಿಬಿರದಲ್ಲಿ ಸಸ್ಯಾಹಾರ ಕೇಳಿದರೆ ಸಿಗುತ್ತದೆ, ಆದರೆ ದೂರದ ಇಳಿಜಾರಿನಲ್ಲಿ ಮೂರು ದಿನ ಉಳಿಯಬೇಕಾದಾಗ ಬಂದದ್ದನ್ನು ತಿನ್ನಬೇಕಾಗಬಹುದು. ಚೀಲದಲ್ಲಿ ಹುರಿಗಡಲೆ, ಕಡಲೆಬೀಜ, ಬೆಲ್ಲ ಇಟ್ಟುಕೊಂಡಿರಲಿ.

ಮುಂದಿನ ಬೇಸಿಗೆಯ ಫೆಡರಲ್ ಹುದ್ದೆಗಳ ಅರ್ಜಿ ಹಿಂದಿನ ಶರತ್ಕಾಲದಲ್ಲೇ ಯುಎಸ್‌ಎ ಜಾಬ್ಸ್ ತಾಣದಲ್ಲಿ ತೆರೆದು ಮುಚ್ಚಿಹೋಗುತ್ತವೆ, ಆದ್ದರಿಂದ ಸೆಪ್ಟೆಂಬರ್‌ನಿಂದಲೇ ನೋಡುತ್ತಿರಿ. ಅರ್ಜಿ ಹಾಕಿ ಸುಮ್ಮನಿರದೆ ಆ ಠಾಣೆಯ ಮುಖ್ಯಸ್ಥರಿಗೆ ಕರೆ ಮಾಡಿ ಮಾತಾಡಿ. ಇಲ್ಲಿ ಅದು ವಶೀಲಿಯಲ್ಲ, ನಿರೀಕ್ಷಿತ ಕ್ರಮ. ಅರ್ಜಿಗೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಬೆಂಕಿಯ ಕೆಲಸಕ್ಕೆ ಎಲ್ಲರೂ ಪಾಸಾಗಬೇಕಾದ ಪ್ಯಾಕ್ ಟೆಸ್ಟ್ ಎಂದರೆ 45 ಪೌಂಡ್ ಹೊತ್ತು ಮೂರು ಮೈಲಿ ಸಮನೆಲದಲ್ಲಿ 45 ನಿಮಿಷದೊಳಗೆ ನಡೆಯುವುದು, ಓಡುವಂತಿಲ್ಲ. ಇಂಡಿಯನ್ ಅಂಗಡಿಯಲ್ಲಿ ಸಿಗುವ 20 ಪೌಂಡಿನ ಸೋನಾ ಮಸೂರಿ ಚೀಲ ಎರಡು, ಜೊತೆಗೆ ಎರಡು ಲೀಟರ್ ನೀರು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ತೂಕ. ಮೊದಲ ತಿಂಗಳು ಅರ್ಧ ಚೀಲದಿಂದ ಶುರುಮಾಡಿ, ವಾರಕ್ಕೆ ಎರಡು ಮೂರು ದಿನ ಶಾಲೆಯ ಮೈದಾನದಲ್ಲಿ ನಡೆಯಿರಿ, ತೂಕವನ್ನು ನಿಧಾನವಾಗಿ ಏರಿಸಿ. ಮೂರು ತಿಂಗಳ ಕೊನೆಗೆ ಎರಡು ಚೀಲ ಹೊತ್ತು 45 ನಿಮಿಷದೊಳಗೆ ಮುಗಿಸಿ ಮರುದಿನವೂ ಹೊರಡಲು ಮನಸ್ಸಾದರೆ ಫೆಡರಲ್ ಕ್ರೂಗೆ ಅರ್ಜಿ ಹಾಕಿ; ಮಂಡಿ ನೋವು ವಾರವಾದರೂ ಇಳಿಯದಿದ್ದರೆ ಆ ವರ್ಷ ಕೋರ್ ಅಥವಾ ವಿಹಾರದ ಕೆಲಸದ ಅರ್ಜಿಯನ್ನು ತುಂಬಿ.